ಅರವತ್ತೈದರಲ್ಲಿ ನಿಂತ ಮುಳ್ಳು

ರಾಮನಗರದಲ್ಲಿ ಬ್ಯಾಟ್ರಿ ಸಿದ್ದಣ್ಣ ಅಂದರೆ ಈಗಲೂ ನಾಲ್ಕು ಜನ ಗುರುತು ಹೇಳುತ್ತಾರೆ. ನಾನು ಬ್ಯಾಟರಿ ಮಾರುತ್ತಿದ್ದೆನೆಂದು ಆ ಹೆಸರು ಬಂದದ್ದಲ್ಲ. ಗಾಡಿಗೆ ಯಾವ ರೋಗ ಬಂದಿದೆ ಅಂತ ನನಗೆ ತಿಳಿಯದೇ ಹೋದಾಗಲೆಲ್ಲ ‘ಬ್ಯಾಟ್ರಿ ವೀಕ್ ಆಗೈತೆ’ ಅಂದು ಜಾರಿಕೊಳ್ಳುತ್ತಿದ್ದೆ. ಗಿರಾಕಿಗಳು ತಮಾಷೆಗೆ ಹಾಗೆ ಕರೆಯಲು ಶುರು ಮಾಡಿದರು. ನಾನು ಹಲ್ಲು ಕಿರಿದು ಒಪ್ಪಿಕೊಂಡೆ, ಅಂಗಡಿಯ ಬೋರ್ಡಿನ ಮೇಲೂ ಬರೆಸಿಬಿಟ್ಟೆ. ಅದು ಬಿರುದಲ್ಲ, ಬೈಗುಳ ಅನ್ನುವುದು ತಲೆಗೆ ಹೋಗಲು ಬಹಳ ವರ್ಷ ಹಿಡಿಯಿತು.

ಅಂಗಡಿ ಮುಚ್ಚಿ ಮೂರು ವರ್ಷವಾಯಿತು. ಕಣ್ಣು ಮಂಜಾಗಿ, ಹಸಿರು ವೈರು ಯಾವುದು ನೀಲಿ ಯಾವುದು ತಿಳಿಯದೆ ಒಬ್ಬರ ಗಾಡಿಯಲ್ಲಿ ಹೊಗೆ ಎಬ್ಬಿಸಿದ ದಿನ ನಾನೇ ಶಟರ್ ಎಳೆದೆ. ಈಗ ಈ ಕಸುಬಿಗೆ ಇಳಿಯುವವರು ಮನೆಗೆ ಬಂದು ‘ನಿಮ್ಮ ಅನುಭವ ಹೇಳಿ’ ಅನ್ನುತ್ತಾರೆ. ಅವರಿಗೆ ಬೇಕಾದದ್ದು ಕೈಚಳಕ. ಯಾವ ಕಂಪನಿಯ ಗಾಡಿಯಲ್ಲಿ ಯಾವ ಬಣ್ಣದ ವೈರು ಎಲ್ಲಿಗೆ ಹೋಗುತ್ತದೆ, ಬೇಗ ಕೆಲಸ ಮುಗಿಸುವುದು ಹೇಗೆ, ಇಂಥವು. ಅದೆಲ್ಲ ಫೋನಿನಲ್ಲೇ ಸಿಗುತ್ತದೆ, ನನಗಿಂತ ಚೆನ್ನಾಗಿ ಸಿಗುತ್ತದೆ. ನಾನು ಹೇಳಬೇಕಾದದ್ದು ಒಂದು ಸ್ಕೂಟರಿನ ವಿಚಾರ, ಅದಕ್ಕೆ ನಾನು ಕೂರಿಸಿದ ಆಯಿಲ್ ಬಿಸಿ ತೋರಿಸುವ ಮೀಟರಿನ ವಿಚಾರ. ಅದರಿಂದ ಒಬ್ಬ ಹೆಣ್ಣುಮಗಳ ಮಾತಿಗೆ ಮನೆಯಲ್ಲಿ ಬೆಲೆ ಇಲ್ಲದಂತಾಯಿತು. ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಲು ನಾಚಿಕೆ, ಹೇಳದಿದ್ದರೆ ನಿದ್ದೆಯಿಲ್ಲ ಅನ್ನುವ ಹಾಗಾಗಿ ಬರೆಯಲು ಕೂತಿದ್ದೇನೆ.

ನನಗೆ ಕೆಲಸ ಕಲಿಸಿದವರು ಬಾಷು ಉಸ್ತಾದ್. ಹಳೇ ಬೆಂಗಳೂರು ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡು, ಅದರೊಳಗೆ ಲಾರಿಗಳ ಡೈನಮೋ ಬಿಚ್ಚಿ ಹರಡಿಕೊಂಡು ಕೂತಿರುತ್ತಿದ್ದರು. ಮಾತು ಕಮ್ಮಿ, ಕೋಪ ಜಾಸ್ತಿ. ನಾನು ಸೇರಿದ ತಿಂಗಳಲ್ಲೇ ಒಂದು ಲಾರಿಯ ಹಿಂದಿನ ಲೈಟು ಮಿಣುಕ್ ಮಿಣುಕ್ ಅನ್ನುತ್ತಿತ್ತು. ನೋಡು ಅಂದರು. ನಾನು ಬಲ್ಬು ಬದಲಾಯಿಸಿದೆ, ಸ್ವಿಚ್ಚು ಬದಲಾಯಿಸಿದೆ, ಮುಂದಿನಿಂದ ಹಿಂದಿನವರೆಗೂ ಹೊಸ ವೈರು ಎಳೆದೆ. ಲೈಟು ಹಾಗೇ ಮಿಣುಕುತ್ತಿತ್ತು. ಸಂಜೆಯಾದ ಮೇಲೆ ಉಸ್ತಾದ್ ಎದ್ದು ಬಂದು ಲೈಟಿನ ಹಿಂದಿನ ಒಂದು ಬೋಲ್ಟು ಬಿಚ್ಚಿ, ಅದರ ಕೆಳಗಿನ ಪೇಂಟನ್ನು ಕೆರೆದು ಮತ್ತೆ ಬಿಗಿದರು. ಲೈಟು ಹಗಲಿನಂತೆ ಹತ್ತಿತು.

“ಕರೆಂಟ್ ಕೊಟ್ಟೆ ಅಂತ ಕುಣಿಬೇಡ ಬೇಟಾ. ಕೊಟ್ಟಿದ್ದು ವಾಪಸ್ ಬರೋಕೆ ದಾರಿ ಐತಾ ನೋಡು. ಮೊದಲು ಅರ್ತಿಂಗು, ಆಮೇಲೆ ಬಾಕಿ ಎಲ್ಲ,” ಅಂದರು. ಈ ಮಾತನ್ನು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನೂ ನನ್ನ ಅಂಗಡಿಯಲ್ಲಿ ಬಂದವರಿಗೆಲ್ಲ ಗಿಣಿಪಾಠ ಒಪ್ಪಿಸುತ್ತಿದ್ದೆ. ಬಾಯಲ್ಲಿ ಇತ್ತು, ಕೈಗೆ ಬಂದಿರಲಿಲ್ಲ.

ಉಸ್ತಾದರ ಕಾಲದಿಂದ ನಮ್ಮ ಊರಿನ ಗ್ಯಾರೇಜುಗಳಲ್ಲಿ ಇನ್ನೊಂದು ಪದ್ಧತಿಯಿತ್ತು. ಬೇರೆ ಊರಿನವರು ಕೇಳಿದರೆ ನಗುತ್ತಾರೆ. ಎಲ್ಲಾದರೂ ಆಯಿಲ್ ಸೋರಿದರೆ, ಬೋಲ್ಟಿನ ಮರೆಗೆ, ಅಂದರೆ ಅದರ ತಿರುಪಿನ ಗೀರುಗಳಿಗೆ, ರೇಷ್ಮೆ ಎಳೆ ಸುತ್ತಿ, ಮೇಲೆ ಅರಗಿನ ಅಂಟು ಸವರಿ ಬಿಗಿಯುವುದು. ಬೇರೆ ಕಡೆ ಅದಕ್ಕೆ ಸೆಣಬು ಸುತ್ತುತ್ತಾರೆ, ಬಿಳಿ ಟೇಪು ಸುತ್ತುತ್ತಾರೆ. ನಮ್ಮಲ್ಲಿ ಬೀದಿಗೊಂದು ರೇಷ್ಮೆ ಬಿಚ್ಚುವ ಮನೆ, ಅಲ್ಲಿ ಉಳಿದ ಎಳೆ ಕೇಳಿದರೆ ಹಿಡಿಗಟ್ಟಲೆ ಕೊಡುತ್ತಿದ್ದರು. ಆ ಎಳೆ ಆಯಿಲ್‌ನಲ್ಲಿ ಕೊಳೆಯುವುದಿಲ್ಲ, ಬಿಸಿಗೆ ಬೇಗ ಕರಗುವುದಿಲ್ಲ. ಒಂದು ಸಲ ಸುತ್ತಿದರೆ ತೊಟ್ಟು ಆಯಿಲ್ ಆಚೆ ಬರುತ್ತಿರಲಿಲ್ಲ. ನನ್ನ ಅಂಗಡಿಯ ಗೋಡೆಯ ಮೊಳೆಗೂ ಒಂದು ರೇಷ್ಮೆ ಗಂಟು ಯಾವಾಗಲೂ ನೇತಾಡುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕೆಲಸವೇ ಬೇರೆಯಾಯಿತು. ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಎದ್ದವು. ಶಿಫ್ಟಿಗೆ ಹೋಗುವವರು, ಅವರಿಗೆ ಊಟ ಸಾಗಿಸುವವರು, ಕಾವಲಿಗೆ ಹೋಗುವವರು ಎಲ್ಲರಿಗೂ ಗಾಡಿ. ಹಳ್ಳಿಯಲ್ಲಿ ಬೈಸಿಕಲ್ಲು ತುಳಿಯುತ್ತಿದ್ದವರು ಗೇರಿಲ್ಲದ ಸ್ಕೂಟರು ಹತ್ತಿದರು. ಹೆಂಗಸರೂ ಹತ್ತಿದರು. ಲಾರಿ ಡೈನಮೋ ಬಿಟ್ಟು ನಾನು ಸ್ಕೂಟರಿನ ಮೂತಿ ಬಿಚ್ಚತೊಡಗಿದೆ. ಹಾರನ್ನು, ಬಣ್ಣದ ಲೈಟು, ಅಲಾರಮ್ಮು, ಗಡಿಯಾರ, ಮೊಬೈಲ್ ಚಾರ್ಜರು ಅಂತ ಎಲ್ಲರಿಗೂ ಏನಾದರೂ ಒಂದು ಹೊಸದಾಗಿ ಹಾಕಿಸುವ ಚಪಲ. ‘ಸಿದ್ದಣ್ಣ ಹಾಕಿದರೆ ಮುಗೀತು’ ಅಂತ ಹೆಸರು ಬಂತು. ಹೆಸರು ಬಂದ ಮೇಲೆ ‘ನನಗೆ ಗೊತ್ತಿಲ್ಲ’ ಅನ್ನುವ ಮಾತು ಬಾಯಿಂದ ಹೊರಡುವುದೇ ನಿಂತಿತು.

ಆ ಕಾಲದ ಒಂದು ಎಡವಟ್ಟು ಹೇಳುತ್ತೇನೆ. ಫ್ಯಾಕ್ಟರಿಯ ಸೂಪರ್‌ವೈಸರೊಬ್ಬರು ಹೊಸ ಸ್ಕೂಟರಿಗೆ ಲಾರಿಯಷ್ಟು ಜೋರಿನ ಹಾರನ್ ಬೇಕು ಅಂದರು. ಹಾಕಿಕೊಟ್ಟೆ. ಮರುದಿನ ಶನಿವಾರ, ಪೂಜೆಗೆ ಮೊದಲು ಓಡಿಸಬಾರದೆಂದು ಗಾಡಿಯನ್ನು ಲಗೇಜ್ ಆಟೋದಲ್ಲಿ ಏರಿಸಿ ಕೆಂಗಲ್ಲಿನ ಗುಡಿಗೆ ಒಯ್ದರು, ಜೊತೆಗೆ ನನ್ನನ್ನೂ ಕರೆದುಕೊಂಡರು. ಅರ್ಚಕರು ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ‘ಮುಂದಕ್ಕೆ ಬಿಡಿ’ ಅಂದರು. ಸೂಪರ್‌ವೈಸರು ಬ್ರೇಕು ಹಿಡಿದು ಗಾಡಿ ಶುರು ಮಾಡಿದ್ದೇ ತಡ, ಹಾರನ್ನು ಬೊಬ್ಬಿಡತೊಡಗಿತು. ಬ್ರೇಕ್ ಲೈಟಿನ ವೈರಿಗೆ ಹಾರನ್ನು ಸೇರಿಸಿಬಿಟ್ಟಿದ್ದೆ. ಅವರು ಗಾಬರಿಯಾಗಿ ಬ್ರೇಕು ಇನ್ನೂ ಜೋರಾಗಿ ಅದುಮಿದರು, ಹಾರನ್ನು ಇನ್ನೂ ಕಿರುಚಿತು. ಅರ್ಚಕರ ಕೈಯ ತಟ್ಟೆ ಕೆಳಗೆ ಬಿತ್ತು. ಕೋತಿಗಳು ಮರದ ತುದಿಗೆ ಹೋಗಿ ಕೂತವು. ನಾನು ಓಡಿ ಹೋಗಿ ಒಂದು ವೈರು ಕಿತ್ತು, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ “ಬ್ಯಾಟ್ರಿ ಹೊಸದಲ್ವಾ ಸಾರ್, ಪವರ್ ಒಸಿ ಜಾಸ್ತಿ,” ಅಂದೆ. ಎಲ್ಲರೂ ನಂಬಿದರು. ನಾನೂ ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿಕೊಂಡು ನಕ್ಕೆ. ಸುಳ್ಳು ಇಷ್ಟು ಸಲೀಸಾಗಿ ನಡೆಯುತ್ತದೆ ಅಂತ ಕಲಿತದ್ದು ಅವತ್ತೇ ಇರಬೇಕು.

ಆಮೇಲೆ ಒಂದು ಬೇಸಿಗೆಯಲ್ಲಿ ಭಾಗ್ಯಮ್ಮ ಬಂದರು. ಅಕ್ಕೂರಿನ ಗೌಡರ ಮನೆಯ ಸೊಸೆ, ಮೂವತ್ತೋ ಮೂವತ್ತೆರಡೋ ಇರಬಹುದು. ಚಾಕಿ ಕಟ್ಟುವ ಕೆಲಸ ಮಾಡುತ್ತಿದ್ದರು. ಅಂದರೆ ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಎರಡು ಜ್ವರ, ಅಂದರೆ ಹುಳ ಎರಡು ಸಲ ಪೊರೆ ಬಿಡುವುದು, ಕಳೆಯುವವರೆಗೂ ಸಾಕಿ, ಆ ಎಳೆ ಹುಳಗಳನ್ನು ರೈತರ ಮನೆಗೆ ತಲುಪಿಸುವುದು. ಆ ವಯಸ್ಸಿನ ಹುಳಕ್ಕೆ ಬಿಸಿಲು ತಾಕಬಾರದು. ಬೆಳಿಗ್ಗೆ ತಂಪಿನಲ್ಲೇ ತಟ್ಟೆಗಳನ್ನು ಕಟ್ಟಿ, ಸುತ್ತ ಒದ್ದೆ ಗೋಣಿ ಇಳಿಬಿಟ್ಟು, ಸ್ಕೂಟರಿನ ಮೇಲೆ ಆಕೆಯೇ ಹಳ್ಳಿ ಹಳ್ಳಿಗೆ ಒಯ್ಯುತ್ತಿದ್ದರು. ಸುತ್ತಮುತ್ತ ಹಾಗೆ ಓಡಾಡುತ್ತಿದ್ದ ಹೆಂಗಸು ಆಕೆಯೊಬ್ಬರೇ.

ಕೈಯಲ್ಲಿ ಒಂದು ಪೆಟ್ಟಿಗೆ ಇತ್ತು. ಬೆಂಗಳೂರಿನಿಂದ ಯಾರ ಕೈಲೋ ತರಿಸಿದ್ದು. ಒಳಗೆ ದುಂಡನೆಯ ಮೀಟರು, ಐವತ್ತರಿಂದ ನೂರೈವತ್ತರವರೆಗೆ ಅಂಕಿ, ಕೆಂಪು ಮುಳ್ಳು, ಒಂದು ಹಿತ್ತಾಳೆಯ ಸೆನ್ಸಾರು.

“ಅಣ್ಣ, ಹೋದ ವರ್ಷ ಲೋಡ್ ಹಾಕ್ಕೊಂಡು ದಿಣ್ಣೆ ಹತ್ತುವಾಗ ಇಂಜಿನ್ನು ಬಿಸಿಯಾಗಿ ಹಿಡ್ಕೊಂಬುಡ್ತು. ಹುಳದ ಮನೇಲಿ ಗೋಡೆಗೊಂದು ಥರ್ಮಾಮೀಟ್ರು ಇಟ್ಟಿವ್ನಿ. ಗಾಡಿಗೂ ಒಂದು ಇರ್ಲಿ. ಬಿಸಿ ಏರ್ತಾ ಐತೆ ಅಂತ ಗೊತ್ತಾದ್ರೆ ನಿಂತ್ಕೊಂಡು ಹೋಯ್ತೀನಿ,” ಅಂದರು.

“ಗಾಡಿಗೆ ಮೀಟ್ರು ಹಾಕಿಸ್ಕೊಂಡು ಹೆಂಗಸರು ಓಡಿಸೋದು ಇದೇ ಮೊದಲು ನೋಡ್ತಿರೋದು ಕಣವ್ವ,” ಅಂದೆ ನಾನು.

ಆಕೆ ನಗಲಿಲ್ಲ. “ಇನ್ನೊಂದು ಸಲ ಕೆಟ್ರೆ ಗಾಡಿ ಬುಡುಸ್ತೀನಿ ಅಂದವ್ರೆ ನಮ್ಮ ಮಾವ. ಬುಡುಸ್ಬುಟ್ರೆ ಚಾಕಿ ಕೆಲ್ಸನೂ ಹೋಯ್ತದೆ. ಅದಕ್ಕೇ ಬಂದಿವ್ನಿ,” ಅಂದರು.

ಇದಕ್ಕಿಂತ ಸ್ಪಷ್ಟವಾಗಿ ಗಿರಾಕಿ ಹೇಳಲಾರರು. ಅಂಥ ಮೀಟರನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ಮುಟ್ಟಿಲ್ಲ ಅಂತ ಹೇಳಲೂ ಇಲ್ಲ. “ಬುಟ್ಟೋಗಿ, ಸಾಯಂಕಾಲ ಬನ್ನಿ,” ಅಂದೆ.

ಕೆಲಸ ನೋಡಲು ಸಣ್ಣದು. ಮೀಟರಿಗೆ ಚಾವಿ ತಿರುಗಿಸಿದಾಗ ಬರುವ ಕರೆಂಟು ಕೊಡಬೇಕು, ಅದರ ಇನ್ನೊಂದು ವೈರು ಗಾಡಿಯ ಮೈಗೆ ಕಟ್ಟಬೇಕು. ಮೂರನೆಯದು ಸೆನ್ಸಾರಿಗೆ. ಸೆನ್ಸಾರಿಗೆ ವೈರು ಇರುವುದು ಅದೊಂದೇ. ಕರೆಂಟು ಆ ವೈರಿನಲ್ಲಿ ಸೆನ್ಸಾರಿಗೆ ಹೋಗಿ, ಅದರ ಹಿತ್ತಾಳೆ ಮೈಯಿಂದ ಇಂಜಿನ್ನಿಗೆ ಇಳಿದು, ಹಾಗೇ ಬ್ಯಾಟರಿಗೆ ವಾಪಸಾಗಬೇಕು. ಆಯಿಲ್ ಬಿಸಿಯಾದಷ್ಟೂ ಕರೆಂಟು ಹೆಚ್ಚು ಹರಿಯುತ್ತದೆ, ಮುಳ್ಳು ಏರುತ್ತದೆ. ಹಿತ್ತಾಳೆಗೂ ಇಂಜಿನ್ನಿಗೂ ನಡುವೆ ಏನಾದರೂ ಅಡ್ಡ ಬಂದರೆ ಆಯಿಲ್ ಕುದಿದರೂ ಮುಳ್ಳು ಅಲ್ಲೇ ಮಲಗಿರುತ್ತದೆ. ಉಸ್ತಾದರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದದ್ದು ಇದನ್ನೇ.

ಸೆನ್ಸಾರು ಆಯಿಲ್ ಇಳಿಸುವ ಬೋಲ್ಟಿನ ಜಾಗದಲ್ಲಿ ಕೂರಬೇಕಿತ್ತು, ಅಳತೆ ಹೊಂದಲಿಲ್ಲ. ಲೇತ್ ಅಂಗಡಿಯಲ್ಲಿ ಎರಡರ ನಡುವೆ ಕೂರುವ ಕೊಳವೆಯಂಥ ಒಂದು ಬುಷ್ ಕಡೆಸಿ ತಂದೆ. ಅದು ಕೂದಲೆಳೆಯಷ್ಟು ಸಡಿಲ. ಕೂರಿಸಿ ಗಾಡಿ ಶುರು ಮಾಡಿದರೆ ತೊಟ್ಟು ತೊಟ್ಟಾಗಿ ಆಯಿಲ್ ಜಿನುಗಿತು. ಮತ್ತೆ ಲೇತಿಗೆ ಹೋಗಿ ಹೊಸದು ಕಡೆಸಬೇಕಿತ್ತು. ಲೇತಿನವನು ಆಗಲೇ ಬಾಗಿಲು ಹಾಕಿದ್ದ, ಆಕೆ ಬರುವ ಹೊತ್ತಾಗಿತ್ತು. ಗೋಡೆಯ ಮೊಳೆಗೆ ಕೈ ಹೋಯಿತು. ಬುಷ್ಷಿನ ಹೊರಗೂ ಸೆನ್ಸಾರಿನ ಮರೆಗೂ ರೇಷ್ಮೆ ಎಳೆಯನ್ನು ದಪ್ಪವಾಗಿ ಸುತ್ತಿದೆ, ಅರಗು ಸವರಿದೆ, ಬಿಗಿದೆ. ಆಯಿಲ್ ನಿಂತಿತು. ಹಿತ್ತಾಳೆಗೂ ಇಂಜಿನ್ನಿಗೂ ನಡುವೆ ರೇಷ್ಮೆಯ ಗೋಡೆ ಎದ್ದಿತ್ತು. ಅದನ್ನು ಎಬ್ಬಿಸಿದ್ದು ನನ್ನದೇ ಕೈ, ಆದರೂ ಅದು ನನಗೆ ಹೊಳೆಯಲೇ ಇಲ್ಲ.

ಆಕೆ ಬಂದಾಗ ಗಾಡಿ ಓಡಿಸಿ ತೋರಿಸಿದೆ. ಮುಳ್ಳು ಮೆಲ್ಲಗೆ ಎದ್ದು ಅರವತ್ತೈದಕ್ಕೆ ಬಂದು ನಿಂತಿತು. ಎಲ್ಲೋ ಒಂದು ಕಡೆ ಲೋಹಕ್ಕೆ ಲೋಹ ಚೂರು ತಾಗಿದ್ದರಿಂದ ಅಷ್ಟಾದರೂ ಎದ್ದಿತ್ತು. “ನೂರು ದಾಟೋಗಂಟ ಯೋಚ್ನೆ ಮಾಡ್ಬ್ಯಾಡಿ ತಾಯಿ,” ಅಂದೆ. ಆಕೆಗೆ ಸಂತೋಷವಾಯಿತು. ನನಗೆ ಇನ್ನೂ ಹೆಚ್ಚು ಸಂತೋಷವಾಯಿತು.

ಹತ್ತು ದಿನಕ್ಕೆ ಭಾಗ್ಯಮ್ಮ ಮತ್ತೆ ಬಂದರು. ಈ ಸಲ ಕೈಯಲ್ಲಿ ಒಂದು ನೋಟ್‌ಬುಕ್ಕು. ಹುಳದ ಮನೆಯಲ್ಲಿ ಹೊತ್ತು ಹೊತ್ತಿಗೆ ಬಿಸಿ ಎಷ್ಟು, ತೇವ ಎಷ್ಟು ಅಂತ ಬರೆದಿಡುವ ಅಭ್ಯಾಸ ಆಕೆಗೆ. ಹಾಗೇ ಗಾಡಿಯದನ್ನೂ ಬರೆದಿದ್ದರು. ಬೆಳಿಗ್ಗೆ ಖಾಲಿ ಗಾಡಿ ಅರವತ್ತೈದು. ಮಧ್ಯಾಹ್ನ ಲೋಡು ಅರವತ್ತೈದು. ದಿಣ್ಣೆ ಹತ್ತಿದ ಮೇಲೆ ಅರವತ್ತಾರು. ಪುಟದ ತುಂಬ ಅದೇ.

“ಅಣ್ಣ, ಇದು ಸರಿಯಿಲ್ಲ ಅನ್ಸುತ್ತೆ. ಗೋಡೆ ಮೇಲಿರೋ ಥರ್ಮಾಮೀಟ್ರೇ ಮಧ್ಯಾಹ್ನ ನಾಲ್ಕು ಡಿಗ್ರಿ ಏರ್ತದೆ. ಇಂಜಿನ್ನು ಕೈ ಇಟ್ರೆ ಸುಡ್ತದೆ, ಮುಳ್ಳು ಮಾತ್ರ ಏಳಾಕಿಲ್ಲ. ಒಸಿ ನೋಡಿ,” ಅಂದರು.

ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಅವರ ಮುಂದೆ ಒಬ್ಬ ಹೆಂಗಸು ನೋಟ್‌ಬುಕ್ಕು ತೆರೆದು ನನ್ನ ಕೆಲಸದ ತಪ್ಪು ತೋರಿಸುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಸೆನ್ಸಾರಿನ ವೈರು ಕಿತ್ತು ಇಂಜಿನ್ನಿನ ಮೈಗೆ ಮುಟ್ಟಿಸಿದೆ. ಮುಳ್ಳು ಚಂಗನೆ ನೂರೈವತ್ತಕ್ಕೆ ಹಾರಿತು. “ನೋಡಿದ್ರಾ? ಮೀಟ್ರು ಗುಂಡುಕಲ್ಲಂಗೈತೆ. ಹೊಸ ಆಯಿಲ್ ಹಾಕ್ಸಿದ್ದೀರಿ, ಇಂಜಿನ್ನು ತಂಪಾಗೈತೆ. ಗಾಡಿ ಏನು ಹುಳವಾ ತಾಯಿ, ಗಳಿಗೆಗೊಂದ್ಸಲ ಜ್ವರ ನೋಡಕ್ಕೆ?” ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಆಕೆಯ ಮುಖ ಕೆಂಪಾಯಿತು. ನೋಟ್‌ಬುಕ್ಕು ಮುಚ್ಚಿ ಚೀಲಕ್ಕೆ ಹಾಕಿಕೊಂಡು ಹೋದರು.

ಈ ಕೆಲಸ ಕಲಿಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಮಾಡಿದ ಪರೀಕ್ಷೆಯಿಂದ ಮೀಟರು ಸರಿಯಿದೆ, ವೈರು ಸರಿಯಿದೆ ಅನ್ನುವುದಷ್ಟೇ ತಿಳಿಯುತ್ತದೆ. ಸೆನ್ಸಾರಿನಿಂದ ಕರೆಂಟು ವಾಪಸು ಹೋಗುತ್ತಿದೆಯೇ ಅನ್ನುವುದು ತಿಳಿಯುವುದಿಲ್ಲ, ಯಾಕೆಂದರೆ ಸೆನ್ಸಾರನ್ನು ಬಿಟ್ಟು ದಾಟಿಬಿಟ್ಟಿರುತ್ತೇವೆ. ಸೆನ್ಸಾರಿನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಒಂದು ತುಂಡು ವೈರು ಹಿಡಿದು ನೋಡಿದ್ದರೆ ಮುಳ್ಳು ಏರಿ ಅವತ್ತೇ ನನ್ನ ಬಣ್ಣ ಬಯಲಾಗುತ್ತಿತ್ತು. ಆಕೆ ಹತ್ತು ದಿನ ಕಣ್ಣಿಟ್ಟು ನೋಡಿ ಬರೆದುಕೊಂಡು ಬಂದದ್ದನ್ನು ನಾನು ಒಂದು ತಮಾಷೆಯಲ್ಲಿ ಹಾರಿಸಿಬಿಟ್ಟೆ.

ತಿಂಗಳು ಕಳೆದಿರಬಹುದು. ಒಂದು ದಿನ ಮಧ್ಯಾಹ್ನ ಲಗೇಜ್ ಆಟೋದಲ್ಲಿ ಆ ಸ್ಕೂಟರು ಬಂತು. ಜೊತೆಗೆ ಭಾಗ್ಯಮ್ಮ, ಅವರ ಮಾವ ದೊಡ್ಡೇಗೌಡರು. ಗೌಡರು ಎತ್ತರದ ಆಳು, ಬಿಳಿ ಪಂಚೆ, ಹೆಗಲ ಮೇಲೆ ಟವಲು. ಕನಕಪುರದ ಕಡೆ ಮೂರು ಮನೆಗೆ ಹುಳ ಒಯ್ಯುವಾಗ ದಿಣ್ಣೆಯ ಮೇಲೆ ಇಂಜಿನ್ನು ಹಿಡಿದುಕೊಂಡಿತ್ತು. ಅತ್ತಿತ್ತ ಮರವಿಲ್ಲದ ಜಾಗ. ಬೇರೆ ಗಾಡಿ ಸಿಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದು ಗೋಣಿ ಒಣಗಿತ್ತು, ತಟ್ಟೆಯಲ್ಲಿ ಮುಕ್ಕಾಲು ಪಾಲು ಹುಳ ಮುದುಡಿ ಹೋಗಿತ್ತು. ಮೂರು ಮನೆಯವರೂ ಹಿಪ್ಪುನೇರಳೆ ಸೊಪ್ಪು ಕುಯ್ದಿಟ್ಟುಕೊಂಡು ಕಾಯುತ್ತಿದ್ದರಂತೆ. ಅವರು ಆಡಿದ ಮಾತನ್ನು ಗೌಡರು ನಿಂತು ಕೇಳಬೇಕಾಯಿತು.

ಪಕ್ಕದ ಗ್ಯಾರೇಜಿನವರು ಇಂಜಿನ್ನು ಬಿಚ್ಚುವ ಮೊದಲು ನನ್ನ ಸೆನ್ಸಾರನ್ನು ನಾನು ತೆಗೆಯಬೇಕಿತ್ತು. ಗೌಡರು ಟೀ ಅಂಗಡಿ ಕಡೆ ಹೋದರು. ಭಾಗ್ಯಮ್ಮ ದೂರದ ಕಲ್ಲಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ನಾನು ಗಾಡಿಯ ಅಡಿಗೆ ತೂರಿ ಬುಷ್ ಬಿಚ್ಚಿದೆ. ರೇಷ್ಮೆ ಎಳೆ ಸುಟ್ಟು ಕಪ್ಪಾಗಿ, ಅರಗಿನ ಜೊತೆ ಗಟ್ಟಿಯಾಗಿ, ಬಳೆಯ ಹಾಗೆ ಸುತ್ತಿಕೊಂಡು ಕೂತಿತ್ತು. ನೋಡಿದ ತಕ್ಷಣ ಎಲ್ಲ ತಿಳಿಯಿತು. ಉಸ್ತಾದರು ಹಿಂದೆ ನಿಂತಿದ್ದಾರೇನೋ ಅನ್ನಿಸಿ ಒಂದು ಸಲ ತಿರುಗಿ ನೋಡಿದೆ.

ಆಮೇಲೆ ನಾನು ಮಾಡಿದ್ದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಚಾಕುವಿನಿಂದ ಆ ರೇಷ್ಮೆ ಬಳೆಯನ್ನು ಕೆರೆದು ತೆಗೆದೆ. ಅಂಗಿ ಜೇಬಿಗೆ ಹಾಕಿಕೊಂಡೆ. ಸೆನ್ಸಾರನ್ನು ಪೆಟ್ರೋಲಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ಪಕ್ಕಕ್ಕಿಟ್ಟೆ.

ಗ್ಯಾರೇಜಿನವರು ಇಂಜಿನ್ನಿನ ಫ್ಯಾನ್ ಬಿಚ್ಚಿದರು. ಜಾಲರಿಯ ತುಂಬ ಗೋಣಿಯ ನಾರು. ತಟ್ಟೆಯ ಪಕ್ಕಕ್ಕೆ ಇಳಿಬಿಟ್ಟ ಒದ್ದೆ ಗೋಣಿ ಫ್ಯಾನಿನ ಬಾಯಿಗೆ ಅಂಟಿಕೊಂಡು ಗಾಳಿ ನಿಂತು, ಇಂಜಿನ್ನು ಬೆಂದುಹೋಗಿತ್ತು. ಹುಳಕ್ಕೆ ತಂಪು ಕೊಟ್ಟ ಗೋಣಿಯೇ ಗಾಡಿಯ ಉಸಿರು ಕಟ್ಟಿಸಿತ್ತು. ಅಷ್ಟರಲ್ಲಿ ದೊಡ್ಡೇಗೌಡರು ಬಂದರು.

“ಗೋಣಿ ಹೆಂಗಾದ್ರೂ ಸಾಯ್ಲಿ. ಬಿಸಿ ಏರಿದ್ರೆ ತೋರಿಸ್ತದೆ ಅಂತ ಅದ್ಯಾವ್ದೋ ಮೀಟ್ರು ಹಾಕ್ಸಿದ್ಲಲ್ಲ, ಅದೇನು ಮಾಡ್ತಿತ್ತು?” ಅಂತ ಕೇಳಿದರು.

ಭಾಗ್ಯಮ್ಮ ಎದ್ದು ಬಂದರು. “ನಾನು ನೋಡ್ತಾನೇ ಇದ್ದೆ ಮಾವ. ಅರವತ್ತೈದೇ ಇತ್ತು. ದೇವ್ರಾಣೆ ಅರವತ್ತೈದೇ ಇತ್ತು. ಮುಳ್ಳು ಏಳಾಕಿಲ್ಲ ಅಂತ ಈ ಅಣ್ಣಂಗೂ ಹೇಳಿದ್ದೆ, ಕೇಳಿ ಬೇಕಾದ್ರೆ.”

ಗೌಡರು ನನ್ನ ಕಡೆ ತಿರುಗಿದರು. “ಹೇಳು ಸಿದ್ದಣ್ಣ. ನೀನು ಕಸುಬುದಾರ. ನಿನ್ನ ಮಾತು ನಂಬ್ತೀನಿ. ಮೀಟ್ರು ಕೆಟ್ಟಿತ್ತಾ, ಇಲ್ಲ ಇವ್ಳು ನೋಡ್ಲಿಲ್ವಾ?”

ಜೇಬಿನಲ್ಲಿ ರೇಷ್ಮೆ ಎಳೆ ಎದೆಗೆ ಒತ್ತುತ್ತಿತ್ತು. ನಾನು ಚಾವಿ ತಿರುಗಿಸಿ, ನೇತಾಡುತ್ತಿದ್ದ ವೈರನ್ನು ಇಂಜಿನ್ನಿಗೆ ಮುಟ್ಟಿಸಿದೆ. ಮುಳ್ಳು ನೂರೈವತ್ತಕ್ಕೆ ಹಾರಿತು. “ಮೀಟ್ರು ಸರಿಗೈತೆ ಗೌಡ್ರೆ,” ಅಂದೆ. ಅದೊಂದೇ ಮಾತು ಅಂದದ್ದು, ಅದು ಸುಳ್ಳೂ ಅಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮೊದಲ ಸಲ ಆ ಪರೀಕ್ಷೆ ಮಾಡಿದಾಗ ಗೊತ್ತಿರಲಿಲ್ಲ. ಎರಡನೆಯ ಸಲ ಎಲ್ಲ ಗೊತ್ತಿದ್ದೂ ಮಾಡಿದೆ.

ಗೌಡರು ಬೈಯಲಿಲ್ಲ. “ತಪ್ಪಾಯ್ತು ಅಂದಿದ್ರೆ ಆಗೋಗದು. ಸುಳ್ಳು ಯಾಕೆ ಹೇಳ್ದೆ ಮಗ?” ಅಂತ ಸೊಸೆಯನ್ನು ಕೇಳಿದರು. ಆಕೆ ನನ್ನ ಮುಖ ನೋಡಿದರು. ಅದು ಕೋಪದ ನೋಟವಾಗಿರಲಿಲ್ಲ. ತನ್ನ ಕಣ್ಣನ್ನೇ ನಂಬಬೇಕೋ ಬೇಡವೋ ಅಂತ ನನ್ನನ್ನು ಕೇಳುವ ಹಾಗಿತ್ತು. ನಾನು ಸ್ಪ್ಯಾನರು ಹುಡುಕುವವನಂತೆ ಬಗ್ಗಿದೆ.

ಗೋಣಿ ಇಳಿಬಿಟ್ಟದ್ದು ಆಕೆಯ ತಪ್ಪು, ಇಲ್ಲವೆನ್ನುವುದಿಲ್ಲ. ಆದರೆ ಅಂಥ ತಪ್ಪಾದಾಗ ಎಚ್ಚರಿಸಲಿ ಅಂತಲೇ ಅಲ್ಲವೇ ಮೀಟರು ಹಾಕಿಸಿದ್ದು? ಗಾಡಿ ರಿಪೇರಿಯಾಯಿತು, ಆಕೆಯ ಮೈದುನನ ಪಾಲಿಗೆ ಹೋಯಿತು. ಹುಳ ಒಯ್ಯಲು ಗಾಡಿಯಿಲ್ಲದೆ ಬೇರೆ ಊರಿನ ರೈತರು ಒಬ್ಬೊಬ್ಬರಾಗಿ ಬಿಟ್ಟರು. ಭಾಗ್ಯಮ್ಮ ಮನೆಯ ಮಟ್ಟಿಗೆ ಹುಳ ಸಾಕಿಕೊಂಡಿದ್ದಾರೆ ಅಂತ ಅಕ್ಕೂರಿನ ಗಿರಾಕಿಗಳಿಂದ ಕೇಳುತ್ತಿದ್ದೆ. ಕೇಳಿದಾಗಲೆಲ್ಲ ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ಮಾಗಡಿ, ಚನ್ನಪಟ್ಟಣದಿಂದ ಗಾಡಿ ಬಂದರೆ ನಗುನಗುತ್ತಾ ಕೆಲಸ ಮಾಡುತ್ತಿದ್ದವನು ಅಕ್ಕೂರಿನ ಗಾಡಿ ಬಂದರೆ ‘ಇವತ್ತು ಆಗಲ್ಲ’ ಅನ್ನುತ್ತಿದ್ದೆ. ಗೋಡೆಯ ಮೇಲಿನ ರೇಷ್ಮೆ ಗಂಟನ್ನು ಕಿತ್ತು ಬಿಸಾಡಿದೆ. ಯಾಕೆ ಅಂತ ಕೇಳಿದವರಿಗೆ ಹೊಸ ಗಾಡಿಗಳಿಗೆ ಅದು ಆಗಿಬರುವುದಿಲ್ಲ ಅಂದೆ.

ಅಂಗಡಿ ಮುಚ್ಚಿದ ಮೇಲೆ ಹೊತ್ತು ಹೋಗುತ್ತಿರಲಿಲ್ಲ. ಕೆಲಸವಿದ್ದಾಗ ಒಳಗೆ ಅಡಗಿಕೊಂಡಿದ್ದದ್ದು ಈಗ ಎದುರಿಗೇ ಬಂದು ಕೂರುತ್ತಿತ್ತು. ಹೋದ ತಿಂಗಳು ಒಂದು ಬೆಳಿಗ್ಗೆ ಎದ್ದು ಬಸ್ಸು ಹತ್ತಿ ಅಕ್ಕೂರಿಗೆ ಹೋದೆ.

ಭಾಗ್ಯಮ್ಮನ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಮನೆಯ ಹಿಂದೆ ಹೊಸ ಹುಳದ ಮನೆ ಕಟ್ಟಿಸಿದ್ದರು, ಮತ್ತೆ ಚಾಕಿ ಕೆಲಸ ಶುರು ಮಾಡಿದ್ದರು. ಕಲಿಯಲು ಬಂದ ಆರೇಳು ಹೆಂಗಸರು ಜಗಲಿಯ ಮೇಲೆ ಸೊಪ್ಪು ಹೆಚ್ಚುತ್ತಿದ್ದರು. ಆಕೆ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, “ಬನ್ನಿ ಬನ್ನಿ ಸಿದ್ದಣ್ಣ, ಎಷ್ಟು ವರ್ಷಾಯ್ತು,” ಅಂತ ಕುರ್ಚಿ ಹಾಕಿ ಕಾಫಿ ಕೊಟ್ಟರು. ಆಮೇಲೆ ಆ ಹೆಂಗಸರ ಕಡೆ ತಿರುಗಿದರು.

“ಹೇಳ್ತಿದ್ನಲ್ಲ ನಿಮಗೆ, ಗಾಡಿ ಮೀಟ್ರು ಕತೆ. ಇವ್ರೇ ಕಣ್ರವ್ವ ಅದನ್ನ ಹಾಕ್ಕೊಟ್ಟೋರು. ಇವ್ರು ಸರಿಯಾಗೇ ಹಾಕಿದ್ರು. ನಾನೇ ಅದೆಲ್ಲಿ ನೋಡ್ತಿದ್ನೋ ಏನೋ, ನೂರು ದಾಟಿದ್ರೂ ಅರವತ್ತೈದು ಅಂತ ಓದ್ಕೊಂಡ್ಬುಟ್ಟೆ. ಮೂರು ಮನೆ ಹುಳ ಸಾಯಿಸ್ದೆ. ಅದಕ್ಕೇ ಬಡ್ಕೊಳ್ಳೋದು, ಥರ್ಮಾಮೀಟ್ರು ಮುಂದೆ ನಿಂತು ಎರಡೆರಡು ಸಲ ನೋಡಿ ಬರ್ಕೊಳ್ಳಿ ಅಂತ.”

ನಾನು ಅಂದುಕೊಂಡು ಹೋಗಿದ್ದೇ ಬೇರೆ. ಆಕೆ ನನ್ನನ್ನು ಬೈಯಬಹುದು, ನಾನು ಸುಳ್ಳುಗಾರ ಅಂತ ಅವತ್ತೇ ಗೊತ್ತಿತ್ತು ಅನ್ನಬಹುದು ಅಂದುಕೊಂಡಿದ್ದೆ. ಆಕೆ ನನ್ನ ಮಾತನ್ನೇ ನಂಬಿಬಿಟ್ಟಿದ್ದರು. ಇಷ್ಟು ವರ್ಷ ತನ್ನ ಕಣ್ಣನ್ನೇ ತಪ್ಪಿತಸ್ಥ ಮಾಡಿ, ಆ ತಪ್ಪನ್ನೇ ಬಂದವರಿಗೆಲ್ಲ ಪಾಠವಾಗಿ ಹೇಳಿಕೊಂಡು ಬಂದಿದ್ದರು. ಕಾಫಿ ಲೋಟ ಕೆಳಗಿಟ್ಟು, ಆ ಹೆಂಗಸರ ಮುಂದೆಯೇ ಎಲ್ಲ ಹೇಳಿದೆ. ಬುಷ್ ಸಡಿಲವಾದದ್ದು, ರೇಷ್ಮೆ ಸುತ್ತಿದ್ದು, ನೋಟ್‌ಬುಕ್ಕು ನೋಡಿ ನಕ್ಕದ್ದು, ಜೇಬಿಗೆ ಹಾಕಿಕೊಂಡದ್ದು, ಗೌಡರ ಮುಂದೆ ವೈರು ಮುಟ್ಟಿಸಿದ್ದು. ಹೇಳುವಷ್ಟೂ ಹೊತ್ತು ಯಾರೂ ಸೊಪ್ಪು ಹೆಚ್ಚಲಿಲ್ಲ.

ಭಾಗ್ಯಮ್ಮ ಕೇಳಿದರು.

“ಹಂಗಾದ್ರೆ ನಾನು ಬರೆದಿದ್ದು ಸರಿಯಿತ್ತಾ?”

“ಸರಿಯಿತ್ತು ತಾಯಿ. ಒಂದೊಂದು ಅಂಕಿನೂ ಸರಿಯಿತ್ತು. ತಪ್ಪೆಲ್ಲ ನಂದೇ. ಕ್ಷಮ್ಸಿ.”

“ನೋಟ್‌ಬುಕ್ಕು ತಂದಿದ್ನಲ್ಲ ಅವತ್ತು, ಆಗ ನೋಡಿದ್ರೆ ಗೊತ್ತಾಯ್ತಿತ್ತಾ?”

“ಗೊತ್ತಾಯ್ತಿತ್ತು.”

“ನೋಡಕ್ಕೆ ಎಷ್ಟೊತ್ತು ಬೇಕಿತ್ತು?”

“ಒಂದು ತುಂಡು ವೈರು ಹಿಡಿದು ನೋಡೋದು ತಾಯಿ. ಎರಡು ನಿಮಿಷ.”

ಆಕೆ ಎದ್ದರು. ಸೊಪ್ಪಿನ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು, ಹುಳದ ಮನೆಯ ಬಾಗಿಲಲ್ಲಿ ಒಂದು ಸಲ ನಿಂತರು.

“ನಮ್ಮ ಮಾವ ಅದಾದ್ಮೇಲೆ ಏಳು ವರ್ಷ ಇದ್ರು ಕಣಣ್ಣ. ನಾನು ಬರೆದಿದ್ನ ಒಂದಿನಾನೂ ನಂಬ್ಲಿಲ್ಲ. ಹುಳದ ಮನೆಗೆ ಅವ್ರೇ ಬಂದು ಇನ್ನೊಂದ್ಸಲ ಥರ್ಮಾಮೀಟ್ರು ನೋಡ್ಕೊಂಡು ಹೋಗೋರು,” ಅಂದರು. ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಗಿತ್ತು, ಒಳಗೆ ಹೋದರು.